ಕಿಣ್ವಕ್ಕೂ ಮೊದಲಿನ ಕೆಲಸ: ಕೃಷಿ ತ್ಯಾಜ್ಯದ ಎಥನಾಲ್ ನಡೆದುಬಂದ ದಾರಿ

ಭತ್ತದ ಹುಲ್ಲಿನಿಂದ ಎಥನಾಲ್ ತೆಗೆಯುವ ಮಾತು ಬಂದಾಗಲೆಲ್ಲ ಹೊಸ ಕಿಣ್ವ, ಹೊಸ ಯೀಸ್ಟ್‌ಗಳದ್ದೇ ಸುದ್ದಿ. ಆ ಕಿಣ್ವ ಹುಲ್ಲಿನೊಳಗೆ ಇಳಿಯಲು ದಾರಿ ಮಾಡಿಕೊಡುವ ರಾಸಾಯನಿಕ ಪೂರ್ವಸಂಸ್ಕರಣೆಯ ಬಗ್ಗೆ ಒಂದೆರಡು ಸಾಲು ಬಂದರೆ ಹೆಚ್ಚು. ಬಹುಕಾಲ ಇದೇ ಕೆಲಸದಲ್ಲಿರುವ ನನಗೆ ಇದು ಬರೀ ಅಲಕ್ಷ್ಯವಾಗಿ ಕಾಣುವುದಿಲ್ಲ. ದೊಡ್ಡ ದೊಡ್ಡ ಕಾರ್ಖಾನೆಗಳು ಎಡವಿದ್ದು ಈ ಮೆಟ್ಟಿಲಲ್ಲೇ.

ಆರಂಭದ ಕಥೆ ಚಿಕ್ಕದು. 1819ರಲ್ಲಿ ಫ್ರಾನ್ಸಿನ ಆನ್ರಿ ಬ್ರಾಕೊನೊ ಬಟ್ಟೆಯ ಚಿಂದಿಯನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ ಸಕ್ಕರೆ ಪಡೆದ. ಮುಂದೆ ಜರ್ಮನಿಯಲ್ಲಿ ಷೋಲರ್ ದುರ್ಬಲ ಆಮ್ಲವನ್ನು ನೆಚ್ಚಿದರೆ, ಬರ್ಗಿಯಸ್ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲವನ್ನು ನೆಚ್ಚಿದ. ಯುದ್ಧಕಾಲದ ಅಭಾವ ಬೆಳೆಸಿದ ಈ ವಿಧಾನಗಳು ಅಗ್ಗದ ಪೆಟ್ರೋಲಿಯಂ ಮುಂದೆ ನಿಲ್ಲಲಿಲ್ಲ. ಆಗ ಸಕ್ಕರೆ ಬಿಡಿಸುವ ಪೂರ್ತಿ ಹೊಣೆ ಆಮ್ಲದ್ದೇ ಆಗಿತ್ತು.

ಎರಡನೇ ಮಹಾಯುದ್ಧದಲ್ಲಿ ಸೊಲೊಮನ್ ದ್ವೀಪಗಳಲ್ಲಿದ್ದ ಅಮೆರಿಕನ್ ಸೇನೆಯ ಹತ್ತಿಬಟ್ಟೆಯ ಡೇರೆಗಳು ಕೊಳೆಯತೊಡಗಿದವು. ಆ ಕೊಳೆತದಿಂದ ಬೇರ್ಪಡಿಸಿದ ಟ್ರೈಕೋಡರ್ಮಾ ಶಿಲೀಂಧ್ರವನ್ನು ಅದೇ ಸೇನೆಯ ನೇಟಿಕ್ ಪ್ರಯೋಗಾಲಯದಲ್ಲಿ ಎಲ್ವಿನ್ ರೀಸ್ ಮತ್ತು ಮೇರಿ ಮ್ಯಾಂಡೆಲ್ಸ್ ವರ್ಷಗಟ್ಟಲೆ ಅಭ್ಯಸಿಸಿದರು. ಸಸ್ಯದ ನಾರಿನ ಸೆಲ್ಯುಲೋಸನ್ನು ಒಡೆದು ಸಕ್ಕರೆ ಮಾಡಲು ಆ ಶಿಲೀಂಧ್ರದಿಂದ ಕಿಣ್ವ ಸಿಕ್ಕಿದ್ದರಿಂದ ರಾಸಾಯನಿಕದ ಕೆಲಸ ಹಗುರಾಯಿತು. ಲಿಗ್ನಿನ್ ಮತ್ತು ಹೆಮಿಸೆಲ್ಯುಲೋಸಿನ ಹೊದಿಕೆಯನ್ನು ಸಡಿಲಿಸಿಕೊಟ್ಟರೆ ಸಾಕಾಗಿತ್ತು. 1973ರ ತೈಲ ಬಿಕ್ಕಟ್ಟು ಈ ಸಂಶೋಧನೆಗೆ ಹಣ ತಂದಿತು.

ನಮ್ಮ ತಲೆಮಾರು ಕಲಿತದ್ದು ಅದರ ನಂತರದ ದಿನಗಳಲ್ಲಿ. ಕಿಣ್ವದ ಶಕ್ತಿಯನ್ನು ಅಳೆಯಲು ಇಂದಿಗೂ ಬಳಸುವ ಕ್ರಮವನ್ನು 1987ರಲ್ಲಿ ದಿಲ್ಲಿ ಐಐಟಿಯ ಟಿ. ಕೆ. ಘೋಷ್ ಪ್ರಕಟಿಸಿದರು. ಒಂದು ಸೆಂಟಿಮೀಟರ್ ಅಗಲ, ಆರು ಸೆಂಟಿಮೀಟರ್ ಉದ್ದದ ಸೋಸುಕಾಗದದ ಪಟ್ಟಿಯನ್ನು ಕಿಣ್ವದ ದ್ರಾವಣದಲ್ಲಿ ಮುಳುಗಿಸಿ, ಒಂದು ಗಂಟೆಯಲ್ಲಿ ಎಷ್ಟು ಸಕ್ಕರೆ ಬಂತೆಂದು ನೋಡುವುದು. ಲೋಕವೆಲ್ಲ ಬಳಸುವ ಈ ಅಳತೆಗೋಲನ್ನು ಬರೆದುಕೊಟ್ಟದ್ದು ಒಬ್ಬ ಭಾರತೀಯ ವಿಜ್ಞಾನಿ. ನಾವು ಹೆಮ್ಮೆಪಡಲೇಬೇಕು. ಆದರೆ ಸೋಸುಕಾಗದದಲ್ಲಿ ಲಿಗ್ನಿನ್ ಇರುವುದಿಲ್ಲ. ಕಾಗದದ ಮೇಲೆ ಮೆರೆದ ಕಿಣ್ವ ಹುಲ್ಲಿನ ಮುಂದೆ ಸೋಲುವುದನ್ನು ನಾವೆಲ್ಲ ಕಂಡಿದ್ದೇವೆ.

ಹಾಗಾಗಿ ಪಾತ್ರೆಯೊಳಗೆ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕತ್ತರಿಸಿದ ಹುಲ್ಲನ್ನು ಶೇ. 1ರಷ್ಟು ಸಲ್ಫ್ಯೂರಿಕ್ ಆಮ್ಲದಲ್ಲಿ ನೆನೆಸಿ, ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತು ನಿಮಿಷ ಇಟ್ಟು ತೆಗೆದರೆ ಕಂದು ಗಸಿ ಸಿಗುತ್ತದೆ. ಹೆಮಿಸೆಲ್ಯುಲೋಸ್ ಕರಗಿ ಸಕ್ಕರೆಯಾಗಿರುತ್ತದೆ. ಅದರ ಒಂದು ಪಾಲು ಫರ್ಫ್ಯೂರಲ್ ಆಗಿ ಬಾದಾಮಿಯಂಥ ವಾಸನೆ ಹೊಡೆಯುತ್ತದೆ. ಈ ಫರ್ಫ್ಯೂರಲ್ ಯೀಸ್ಟಿಗೆ ವಿಷ. ಅದೇ ಹುಲ್ಲನ್ನು ಕಾಸ್ಟಿಕ್ ಸೋಡಾ ಎಂಬ ಕ್ಷಾರದಲ್ಲಿ ಇಷ್ಟು ಕಾವಿಲ್ಲದೆ ಬೇಯಿಸಿದರೆ ಲಿಗ್ನಿನ್ನಿನ ಬಹುಪಾಲು ಕಪ್ಪು ದ್ರವವಾಗಿ ಇಳಿದು, ಮೆತ್ತನೆಯ ತಿಳಿಬಣ್ಣದ ನಾರು ಉಳಿಯುತ್ತದೆ. ಜೊತೆಗೆ ಸಿಲಿಕಾ ಕೂಡ ಕರಗುತ್ತದೆ. ಭತ್ತದ ಹುಲ್ಲಿನಲ್ಲಿ ಬೂದಿಯ ಪ್ರಮಾಣ ಶೇ. 10ನ್ನು ಮೀರುತ್ತದೆ, ಅದರಲ್ಲಿ ಹೆಚ್ಚಿನದು ಸಿಲಿಕಾ. ಆಮ್ಲದ ದಾರಿಯಲ್ಲಿ ಅದು ಹಾಗೇ ಉಳಿದು ಪಂಪು, ಸ್ಕ್ರೂಗಳನ್ನು ತಿನ್ನುತ್ತದೆ. ಭತ್ತದ ನಾಡಿಗೆ ಕ್ಷಾರವೇ ಸರಿ ಎಂದು ನಾನು ನಂಬುವುದು ಇದಕ್ಕೇ. ಅಮೋನಿಯಾವಾದರೆ ಆವಿಯಾಗಿಸಿ ಮರಳಿ ಹಿಡಿದುಕೊಳ್ಳಬಹುದು. ಬ್ರೂಸ್ ಡೇಲ್ 1980ರ ದಶಕದಿಂದ ಬೆಳೆಸಿದ ಅಮೋನಿಯಾ ವಿಧಾನಕ್ಕೆ ನಮ್ಮಲ್ಲಿ ಸಿಗಬೇಕಾದ ಗಮನ ಇನ್ನೂ ಸಿಕ್ಕಿಲ್ಲ.

ಕೀರ್ತಿ ಮಾತ್ರ ಸೂಕ್ಷ್ಮಜೀವಿಗಳ ಪಾಲಾಯಿತು. 1991ರಲ್ಲಿ ಅಮೆರಿಕದ ಐವತ್ತು ಲಕ್ಷನೇ ಪೇಟೆಂಟ್ ಸಿಕ್ಕಿದ್ದು ಫ್ಲಾರಿಡಾದ ಲೊನಿ ಇಂಗ್ರಾಮ್ ತಂಡ ರೂಪಿಸಿದ, ಎಥನಾಲ್ ಕೊಡುವ ಇ. ಕೋಲಿಗೆ. ಅದು ದೊಡ್ಡ ಸಾಧನೆಯೇ. ಆದರೆ 2014–15ರಲ್ಲಿ ಅಯೋವಾ, ಕಾನ್ಸಾಸ್‌ಗಳಲ್ಲಿ ಎದ್ದ ಕಾರ್ಖಾನೆಗಳು ಕೆಲವೇ ವರ್ಷಗಳಲ್ಲಿ ನಿಂತವು. ತನ್ನನ್ನು ಕಾಡಿದ್ದು ಪೂರ್ವಸಂಸ್ಕರಣೆಯೇ ಎಂದು ಅವುಗಳಲ್ಲೊಂದಾದ ಪೊಯೆಟ್-ಡಿಎಸ್‌ಎಂ 2017ರಲ್ಲಿ ತಾನೇ ಹೇಳಿತು.

ನಮ್ಮಲ್ಲಿ ಮುಂಬೈನ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ (ಐಸಿಟಿ) ರೂಪಿಸಿದ ತಂತ್ರಜ್ಞಾನದ ಪ್ರಾತ್ಯಕ್ಷಿಕೆ ಘಟಕ ಉತ್ತರಾಖಂಡದ ಕಾಶೀಪುರದಲ್ಲಿ ಬಂತು. 2019ರಲ್ಲಿ ಇಂಥ ಘಟಕಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಜೀ-ವನ್ ಯೋಜನೆ ಬಂತು. 2022ರ ಆಗಸ್ಟ್‌ನಲ್ಲಿ ಪಾಣಿಪತ್‌ನ ಇಂಡಿಯನ್ ಆಯಿಲ್ ಘಟಕ ಲೋಕಾರ್ಪಣೆಯಾಯಿತು. ದಿನಕ್ಕೆ 100 ಕಿಲೋಲೀಟರ್ ಸಾಮರ್ಥ್ಯದ ಈ ಘಟಕ ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲನ್ನು ಬಳಸುವ ಲೆಕ್ಕದಲ್ಲಿ ಕಟ್ಟಿದ್ದು. ಅಸ್ಸಾಮಿನ ನುಮಾಲಿಗಢ ತೈಲ ಸಂಸ್ಕರಣಾಗಾರ ಬಿದಿರನ್ನು ಆಯ್ದುಕೊಂಡಿತು. ತನ್ನ ನೆಲದಲ್ಲಿ ಬೆಳೆಯುವುದನ್ನು ಮೊದಲು ನೋಡಿ, ಅದಕ್ಕೆ ತಕ್ಕ ವಿಧಾನ ಹುಡುಕುವುದು ಸರಿಯಾದ ಕ್ರಮ.

ಕರ್ನಾಟಕದಲ್ಲಿ ಈ ಕ್ರಮ ಇನ್ನೂ ಕಾಣುತ್ತಿಲ್ಲ. ಜೈವಿಕ ಇಂಧನವೆಂದರೆ ಹೊಂಗೆ ಎಣ್ಣೆ ಎಂಬಲ್ಲಿಗೆ ನಮ್ಮ ಚರ್ಚೆ ನಿಲ್ಲುತ್ತದೆ. ಕಲಬುರಗಿಯ ತೊಗರಿ ಕಟ್ಟಿಗೆ, ರಾಯಚೂರು–ಯಾದಗಿರಿಯ ಹತ್ತಿ ಕಟ್ಟಿಗೆ ಹುಲ್ಲಿನಂತಲ್ಲ, ಮರಕ್ಕೆ ಹತ್ತಿರ. ಅಮೆರಿಕದ ಸಂಶೋಧಕರ ಒಕ್ಕೂಟವೊಂದು ಒಂದೇ ಮೆಕ್ಕೆಜೋಳದ ದಂಟನ್ನು ಹಲವು ವಿಧಾನಗಳಿಂದ ಸಂಸ್ಕರಿಸಿದಾಗ ಎಲ್ಲವೂ ಹೆಚ್ಚುಕಡಿಮೆ ಒಂದೇ ಫಲ ಕೊಟ್ಟವು. ಪಾಪ್ಲರ್ ಮರಕ್ಕೆ ಬಂದಾಗ ಫಲಿತಾಂಶಗಳು ಚದುರಿಹೋದವು. ಹಾಗಿರುವಾಗ ಮೆಕ್ಕೆಜೋಳದ ಲೆಕ್ಕವನ್ನು ತೊಗರಿಗೆ ಹೊಂದಿಸುವುದು ಹೇಗೆ? ಜೋಳದ ಕಣಿಕೆಯನ್ನಂತೂ ಮುಟ್ಟಲೇಬಾರದು, ಅದು ದನದ ಮೇವು. ‘ತ್ಯಾಜ್ಯ’ದ ಪಟ್ಟಿ ಬರೆಯುವವರು ಮೊದಲು ರೈತರ ಕೊಟ್ಟಿಗೆ ನೋಡಬೇಕು.

ಇನ್ನೊಂದು ಕೊರತೆ ಉಪ್ಪಿನ ಲೆಕ್ಕದ್ದು. ನಾನು ಮೆಚ್ಚುವ ಕಾಸ್ಟಿಕ್ ದಾರಿಯಲ್ಲೂ ಕೊನೆಗೆ ಸೋಡಿಯಂ ಉಳಿಯುತ್ತದೆ. ಅದು ಕಾಲುವೆಗೆ ಸೇರಿದರೆ ಗದ್ದೆ ಸವುಳಾಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಸವುಳು ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಸಕ್ಕರೆ ಎಷ್ಟು ಬಂತೆಂದು ಬರೆಯುವ ಪ್ರಬಂಧಗಳು ರಾಶಿಗಟ್ಟಲೆ ಇವೆ. ಟನ್ ಹುಲ್ಲಿಗೆ ಎಷ್ಟು ನೀರು, ಎಷ್ಟು ರಾಸಾಯನಿಕ ಬೇಕಾಯಿತು, ಎಷ್ಟು ಉಪ್ಪು ಹೊರಬಿತ್ತು ಎಂದು ಬರೆಯುವವು ವಿರಳ. ಈ ಮೂರು ಅಂಕಿಗಳಿಲ್ಲದ ಯಾವ ಯೋಜನೆಗೂ ಸಾರ್ವಜನಿಕ ಹಣ ಕೊಡಬಾರದು. ನಮ್ಮ ಕೃಷಿ ವಿಶ್ವವಿದ್ಯಾಲಯಗಳು ತೊಗರಿ, ಹತ್ತಿ ಕಟ್ಟಿಗೆಯಿಂದ ಈ ಲೆಕ್ಕ ಶುರುಮಾಡಲಿ. ಕಾರ್ಖಾನೆಗೆ ಜಾಗ ಗೊತ್ತುಮಾಡುವುದು ಆಮೇಲಾಗಲಿ.