ಬೆಂಕಿಪುರದ ಸೌದೆ

ಜನವರಿಯಲ್ಲಿ ಮೊಮ್ಮಗ ಮನಾಲಿಯಿಂದ ಫೋನ್ ಮಾಡಿದ್ದ. "ಅಜ್ಜಾ, ಹಿಮದ ಮೇಲೆ ಬೆಂಕಿ ಹಾಕಿದ್ವಿ. ಹತ್ತೇ ನಿಮಿಷಕ್ಕೆ ಗುಂಡಿ ಬಿದ್ದು ಚುಂಯ್ ಅಂತ ಆರಿಹೋಯ್ತು." ರಾಗಿಗುಡ್ಡದ ಮನೆ ಜಗಲಿಯಲ್ಲಿ ಕೂತಿದ್ದ ನನಗೆ ನಗು ಬಂತು. "ನೆಲಕ್ಕೇ ಯಾಕೆ ಹಾಕಿದ್ಯೋ ಮಾರಾಯ? ತೋಳು ದಪ್ಪದ ಹಸಿ ಮರ ನಾಲ್ಕು ಒತ್ತೊತ್ತಾಗಿ ಹಾಸಿ, ಅದರ ಮೇಲೆ ಹೊತ್ತಿಸು."

ನಾನು ಹಿಮ ಕಂಡವನಲ್ಲ. ಈ ವಿದ್ಯೆ ಅಪ್ಪನದು. ಭದ್ರಾವತಿ ಕಾರ್ಖಾನೆಗೆ ಸೌದೆ ಕಡಿಯುವ ಕೂಪಿನಲ್ಲಿ ಅವರಿದ್ದರು. ಅಕಾಲದ ಮಳೆ ಬಿದ್ದರೆ ಬಿಡಾರದ ನೆಲ ಹಿಂಡಿದರೆ ನೀರು ಬರುವಂತಿರುತ್ತಿತ್ತು. ಅಪ್ಪ ಹಸಿ ಮರದ ಹಾಸು ಮಾಡಿ, ಒದ್ದೆ ಕೊಂಬೆಯ ತೊಗಟೆ ಸೀಳಿ ಒಳಗಿನ ಒಣ ಚಕ್ಕೆ ಎಬ್ಬಿಸಿ, ನಡುವೆ ಉಗುರಿನಷ್ಟು ಹಾಲುಮಡ್ಡಿ ಎಂಬ ಮರದ ಅಂಟು ಇಟ್ಟು ಕಡ್ಡಿ ಗೀರುತ್ತಿದ್ದರು. ಮೊದಲು ಕಣ್ಣುರಿಸುವ ಹೊಗೆ, ಆಮೇಲೆ ಘಮ, ಕೊನೆಗೆ ಬೆಂಕಿ. ಹಾಸು ಸುಟ್ಟು ಮುಗಿಯುವ ಹೊತ್ತಿಗೆ ಅನ್ನ ಆಗಿರುತ್ತಿತ್ತು.

ಭದ್ರಾವತಿಯ ಹಳೆಯ ಹೆಸರೇ ಬೆಂಕಿಪುರ. ಆ ಹೆಸರು ಕಾರ್ಖಾನೆಗಿಂತ ಹಳೆಯದು, ಆದರೂ ಊರಿಗೆ ಎಷ್ಟು ಚೆನ್ನಾಗಿ ಒಪ್ಪಿತು ನೋಡಿ! 1918ರಲ್ಲಿ ಮೈಸೂರು ಸಂಸ್ಥಾನ ಇಲ್ಲಿ ಕಬ್ಬಿಣದ ಕೆಲಸಕ್ಕೆ ಕೈಹಾಕಿತು. ಅದಿರು ಕೆಮ್ಮಣ್ಣುಗುಂಡಿಯಲ್ಲಿತ್ತು, ಸುಣ್ಣಕಲ್ಲು ಭಂಡಿಗುಡ್ಡದಲ್ಲಿತ್ತು. ಕಲ್ಲಿದ್ದಲು ಮಾತ್ರ ಹತ್ತಿರದಲ್ಲೆಲ್ಲೂ ಇರಲಿಲ್ಲ. ಇದ್ದದ್ದು ಕಾಡು. ಸೌದೆಯನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದರೆ ಇದ್ದಿಲು ಉಳಿಯುತ್ತದೆ; ಹೊಗೆಯನ್ನು ತಣಿಸಿದರೆ ಡಾಂಬರು, ಮರದ ಮದ್ಯಸಾರ ಸಿಗುತ್ತವೆ. ಅದಕ್ಕೇ ಕಾರ್ಖಾನೆಯ ಮೊದಲ ಹೆಸರಿನಲ್ಲಿ ಕಬ್ಬಿಣದ ಜೊತೆ ಮರದ ಭಟ್ಟಿಯೂ ಸೇರಿತ್ತು. 1923ರಲ್ಲಿ ಕಬ್ಬಿಣ ಹರಿಯಿತು. ಅದೇ ವರ್ಷ ವಿಶ್ವೇಶ್ವರಯ್ಯನವರು ಅದರ ಹೊಣೆ ಹೊತ್ತು 1929ರವರೆಗೆ ನಡೆಸಿದರು. ಸೌದೆ ತರಲು ಕಾಡಿನೊಳಗೆ ಟ್ರಾಮ್ ಹಳಿ ಹಾಕಿದರು. ಎಂಜಿನಿಯರರ ಲೆಕ್ಕ ಪುಸ್ತಕದಲ್ಲಿದೆ; ಕೂಪಿನವರು ಎಷ್ಟು ಜ್ವರ ಕಂಡರೆಂಬುದು ನಮ್ಮ ಮನೆಗಳ ಮಾತಿನಲ್ಲಷ್ಟೇ ಇದೆ.

ಜೋಗದ ಕರೆಂಟು ಬಂದ ಮೇಲೆ, 1952ರಲ್ಲಿ, ವಿದ್ಯುತ್ ಕುಲುಮೆ ಕೂತಿತು. ಮರದ ಹಸಿವು ತಗ್ಗಿತು, ತೀರಲಿಲ್ಲ. ಅದಿರಿನಿಂದ ಕಬ್ಬಿಣ ಬಿಡಿಸಲು ಇದ್ದಿಲು ಬೇಕೇ ಬೇಕಿತ್ತು.

ಮರುದಿನ ಮೊಮ್ಮಗ ಫೋಟೊ ಕಳಿಸಿದ. ಹಾಸಿದ ನಾಲ್ಕು ಮರ, ಮೇಲೆ ಕೆಂಡ, ಪಕ್ಕದಲ್ಲಿ ಚಹಾದ ಪಾತ್ರೆ. ಕೆಳಗೊಂದು ಸಾಲು: "ಹೊತ್ತಿಸೋಕೆ ಮಾತ್ರ ಅರ್ಧ ಗಂಟೆ ಊದಿದ್ವಿ. ಆ ಹಾಲುಮಡ್ಡಿ ಎಲ್ಲಿ ಸಿಗುತ್ತೆ ಅಜ್ಜಾ?"