ಗೋಕಾಕದ ಕರೆಂಟು, ಬೆಂಗಳೂರಿನ ಬಸ್ಸು

ಗೋಕಾಕ ಜಲಪಾತದಲ್ಲಿ 1887ರಲ್ಲೇ ಕರೆಂಟು ತೆಗೆದರು ಎನ್ನುತ್ತಾರೆ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಆದರೆ ನಮ್ಮ ಆ ಕರೆಂಟು ಹತ್ತಿ ಗಿರಣಿಯದು, ಊರಿನದಲ್ಲ. ಹುಕ್ಕೇರಿಯವರು 1969ರಲ್ಲಿ ಬೇರೆ ದಾರಿ ಹಿಡಿದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿದರು. ರಾಜ್ಯದಲ್ಲಿ ಇಂಥದ್ದು ಇದೊಂದೇ.

ಈ ಹಳೇ ಕಥೆ ಈಗ್ಯಾಕೆ ಅಂದರೆ, ಗಾಡಿಗಳೂ ಡೀಸೆಲ್ ಬಿಟ್ಟು ಕರೆಂಟಿಗೆ ತಿರುಗುತ್ತಿವೆ. ಬಿಎಂಟಿಸಿ 2014ರಲ್ಲಿ ಒಂದು ಎಲೆಕ್ಟ್ರಿಕ್ ಬಸ್ ಓಡಿಸಿ ನೋಡಿತು. ಖಾಯಂ ಬಸ್ಸುಗಳು ರಸ್ತೆಗಿಳಿದದ್ದು 2021ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಲೆಕ್ಕವೇ ಬದಲಾಗಿತ್ತು: ಬಸ್ಸು ಕಂಪನಿಯದು, ಚಾಲಕನೂ ಕಂಪನಿಯವನು, ಸಂಸ್ಥೆ ಕಂಡಕ್ಟರನನ್ನು ಕೊಟ್ಟು, ಓಡಿದ ಕಿಲೋಮೀಟರಿಗೆ ಹಣ ಕಟ್ಟುತ್ತದೆ. ಬಂಡವಾಳದ ಭಾರ ತಪ್ಪಿತು, ನಿಜ. ಸರ್ಕಾರಿ ಚಾಲಕನ ನೌಕರಿಗೆ ಕಾದು ಕುಂತ ನಮ್ಮ ಹುಡುಗರ ಪಾಲೂ ತಪ್ಪಿತು.

ಮೂಡಲಗಿಯಲ್ಲಿ ನಾಲ್ಕು ಗೂಡ್ಸ್ ಗಾಡಿ ಇಟ್ಟವರಿಗೆ ಅಂಥ ಒಪ್ಪಂದ ಯಾರು ಕೊಡುತ್ತಾರೆ? ಗಾಡಿಯೂ ಅವರದೇ, ಸಾಲವೂ ಅವರದೇ. ರಾತ್ರಿ ನಾಲ್ಕನ್ನೂ ಒಟ್ಟಿಗೆ ಚಾರ್ಜಿಗೆ ಹಚ್ಚಿದರೆ ಮನೆಯ ಮೀಟರು ತಡೆಯಬೇಕಲ್ಲ? ಮಂಜೂರಾದ ಲೋಡು ಮೊದಲು ನೋಡಬೇಕು. ದಿನಾ ಒಂದೇ ದಾರಿ ಓಡುವ ಗಾಡಿಯನ್ನು ಮೊದಲು ಬದಲಿಸಬೇಕು. ಕಬ್ಬಿನ ಟ್ರ್ಯಾಕ್ಟರಿನ ಮಾತು ಕೊನೆಗೆ. ಚಾರ್ಜಿಂಗಿಗೆ ಬೇರೆ ಲೈನು ಬೇಕೆಂದು ಹುಕ್ಕೇರಿಯ ಸದಸ್ಯರು ಸಂಘದ ಸಭೆಯಲ್ಲೇ ಕೇಳಬಹುದು. ಗೋಕಾಕ, ಮೂಡಲಗಿಯವರು ಹೆಸ್ಕಾಂ ಕಚೇರಿಗೆ ಅರ್ಜಿ ಹಿಡಿದು ಹೋಗಬೇಕು.