ಹಳೆ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಬ್ಲೂಟೂತ್ ಸ್ಪೀಕರ್: ಫಾರ್ವರ್ಡ್ ವಿಡಿಯೋ ಹೇಳದ ವಿಷಯಗಳು

ಹಾಳಾದ ಲ್ಯಾಪ್‌ಟಾಪ್ ಬ್ಯಾಟರಿಯನ್ನು ಬಿಚ್ಚಿ, ಒಳಗಿನ ಸೆಲ್‌ಗಳನ್ನು ಜೋಡಿಸಿ, ಒಂದು ಆಂಪ್ಲಿಫೈಯರ್ ಬೋರ್ಡು, ಎರಡು ಸ್ಪೀಕರ್ ಸೇರಿಸಿದರೆ ಮನೆಯಲ್ಲೇ ಪೋರ್ಟಬಲ್ ಸ್ಟೀರಿಯೋ ರೆಡಿ! ಒಂದೆರಡು ನಿಮಿಷದ ಇಂಥ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಕೊನೆಗೆ ಹಾಡು ಜೋರಾಗಿ ಕೇಳಿಸುತ್ತದೆ. ಜೊತೆಗೆ, '12 ವೋಲ್ಟಿನ ಯಾವ ಚಾರ್ಜರ್ ಆದರೂ ನಡೆಯುತ್ತದೆ' ಎಂಬ ಮಾತೂ ಸೇರಿಕೊಂಡಿರುತ್ತದೆ.

ಸ್ಪೀಕರ್ ಮಾಡಬಹುದು ಎಂಬುದು ನಿಜ. ಯಾವ ಚಾರ್ಜರ್ ಆದರೂ ನಡೆಯುತ್ತದೆ ಎಂಬುದು ಸುಳ್ಳು. ಈ ಸುಳ್ಳು ಬೆಂಕಿ ಅನಾಹುತಕ್ಕೂ ದಾರಿಯಾಗಬಹುದು. ಹೇಗೆ ಎಂದು ನೋಡೋಣ.

ಆ ಬ್ಯಾಟರಿಯೊಳಗೆ ಏನಿರುತ್ತದೆ?

ಹಳೆ ಮಾದರಿಯ ದಪ್ಪ ಲ್ಯಾಪ್‌ಟಾಪ್ ಬ್ಯಾಟರಿಗಳಲ್ಲಿ ಸಾಮಾನ್ಯವಾಗಿ ಟಾರ್ಚ್ ಸೆಲ್‌ನಂತೆ ಕಾಣುವ ಲೀಥಿಯಂ-ಅಯಾನ್ ಸೆಲ್‌ಗಳಿರುತ್ತವೆ. ಇವುಗಳಿಗೆ '18650' ಎಂದು ಹೆಸರು. 18 ಮಿಲಿಮೀಟರ್ ಅಗಲ, 65 ಮಿಲಿಮೀಟರ್ ಉದ್ದ; ಕೊನೆಯ ಸೊನ್ನೆ, ಸೆಲ್ ಕೊಳವೆಯಾಕಾರದ್ದು ಎಂಬುದರ ಗುರುತು.

ಇಂಥ ಒಂದು ಸೆಲ್‌ನ ಸರಾಸರಿ ವೋಲ್ಟೇಜ್ 3.7. ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್. ಅದಕ್ಕಿಂತ ಮೇಲೆ ಹೋಗಬಾರದು, ಬಳಸುವಾಗ ಸುಮಾರು 3 ವೋಲ್ಟ್‌ಗಿಂತ ಕೆಳಗೂ ಇಳಿಸಬಾರದು. ಈ ಎರಡು ಗಡಿಗಳ ನಡುವೆ ಇದ್ದಷ್ಟು ದಿನ ಸೆಲ್ ಸಾಧು. ಮೇಲಿನ ಗಡಿ ದಾಟಿದರೆ ಒಳಗಿನ ರಾಸಾಯನಿಕಗಳು ಅಸ್ಥಿರವಾಗುತ್ತವೆ. ಬಿಸಿಯಿಂದ ಕ್ರಿಯೆ ಜೋರಾಗುತ್ತದೆ, ಕ್ರಿಯೆಯಿಂದ ಬಿಸಿ ಇನ್ನೂ ಏರುತ್ತದೆ. ಒಳಗಿರುವ ದ್ರಾವಣ ಸುಲಭವಾಗಿ ಹೊತ್ತಿಕೊಳ್ಳುವಂಥದ್ದು. ಒಂದು ಸೆಲ್ ಹೊತ್ತಿಕೊಂಡರೆ ಅದರ ಬಿಸಿಗೆ ಪಕ್ಕದ್ದೂ ಹೊತ್ತಿಕೊಳ್ಳಬಹುದು.

ವೋಲ್ಟ್ ಮತ್ತು ಎಂಎಎಚ್ ಲೆಕ್ಕ

ಶಾಲೆಯಲ್ಲಿ ಓದಿದ ಸರಣಿ ಜೋಡಣೆ, ಸಮಾಂತರ ಜೋಡಣೆ ನೆನಪಿದೆಯೇ? ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ ವೋಲ್ಟ್ ಕೂಡುತ್ತದೆ, ಎಂಎಎಚ್ ಕೂಡುವುದಿಲ್ಲ. ಸಮಾಂತರವಾಗಿ ಜೋಡಿಸಿದರೆ ಎಂಎಎಚ್ ಕೂಡುತ್ತದೆ, ವೋಲ್ಟ್ ಅಷ್ಟೇ ಇರುತ್ತದೆ.

2500 ಎಂಎಎಚ್‌ನ ಆರು ಸೆಲ್‌ಗಳಿವೆ ಎಂದುಕೊಳ್ಳಿ. ಎರಡೆರಡನ್ನು ಸಮಾಂತರವಾಗಿ ಸೇರಿಸಿ, ಆ ಮೂರು ಜೋಡಿಗಳನ್ನು ಸರಣಿಯಲ್ಲಿಟ್ಟರೆ ಸಿಗುವುದು 11.1 ವೋಲ್ಟ್, 5000 ಎಂಎಎಚ್. '12 ವೋಲ್ಟ್, 15,000 ಎಂಎಎಚ್' ಎಂದು ಯಾರಾದರೂ ಹೇಳಿದರೆ ಲೆಕ್ಕ ತಪ್ಪಿದೆ ಎಂದೇ ಅರ್ಥ. ಈ ಪ್ಯಾಕ್‌ನ ಒಟ್ಟು ಶಕ್ತಿ ಸುಮಾರು 55 ವಾಟ್-ಅವರ್. ಸ್ಪೀಕರ್ ಸರಾಸರಿ 10 ವಾಟ್ ಬಳಸಿದರೆ ಐದು ಗಂಟೆಯ ಹಾಡಿಗೆ ಸಾಕು. ಸವೆದ ಹಳೆ ಸೆಲ್ ಆದರೆ ಇನ್ನೂ ಕಡಿಮೆ.

'9800 ಎಂಎಎಚ್' ಎಂದು ಮುದ್ರಿಸಿದ ಅಗ್ಗದ 18650 ಸೆಲ್‌ಗಳನ್ನು ನಂಬಬೇಡಿ. ಈ ಗಾತ್ರದ ಒಳ್ಳೆಯ ಸೆಲ್‌ಗಳೇ 3500ರ ಆಸುಪಾಸಿನಲ್ಲಿರುತ್ತವೆ.

'12 ವೋಲ್ಟ್ ಚಾರ್ಜರ್' ಯಾಕೆ ಆಗದು?

ಮೂರು ಸೆಲ್‌ಗಳ ಸರಣಿ ಪೂರ್ತಿ ಚಾರ್ಜ್ ಆಗುವುದು 12.6 ವೋಲ್ಟ್‌ಗೆ. ಬೈಕ್ ಅಥವಾ ಯುಪಿಎಸ್‌ನ ಲೆಡ್-ಆ್ಯಸಿಡ್ ಬ್ಯಾಟರಿಯನ್ನೂ ನಾವು '12 ವೋಲ್ಟ್' ಎಂದೇ ಕರೆಯುತ್ತೇವೆ. ಆದರೆ ಅದರ ಚಾರ್ಜರ್ 14.4 ವೋಲ್ಟ್‌ವರೆಗೂ ಕೊಡುತ್ತದೆ. ಅದನ್ನು ನಮ್ಮ ಪ್ಯಾಕ್‌ಗೆ ಹಾಕಿದರೆ ಒಂದೊಂದು ಸೆಲ್ ಪಾಲಿಗೆ 4.8 ವೋಲ್ಟ್! 4.2ರ ಗಡಿ ದಾಟಿ ಬಹಳ ದೂರ ಬಂದಾಯಿತು.

ಮನೆಯಲ್ಲಿ ಬಿದ್ದಿರುವ 12 ವೋಲ್ಟ್ ಅಡಾಪ್ಟರ್ ಕೂಡ ಚಾರ್ಜರ್ ಅಲ್ಲ. ಲೀಥಿಯಂ ಚಾರ್ಜರ್ ಮೊದಲು ಕರೆಂಟನ್ನು ಮಿತಿಯಲ್ಲಿಟ್ಟು, ಕೊನೆಗೆ ವೋಲ್ಟೇಜನ್ನು ಸ್ಥಿರವಾಗಿ ಹಿಡಿದು, ಪ್ಯಾಕ್ ತುಂಬಿದಾಗ ನಿಲ್ಲುತ್ತದೆ. ಅಡಾಪ್ಟರ್‌ಗೆ ಈ ಕೆಲಸ ಗೊತ್ತಿಲ್ಲ. ಬೇಕಿರುವುದು '12.6 ವೋಲ್ಟ್ ಲೀಥಿಯಂ-ಅಯಾನ್ ಚಾರ್ಜರ್'.

ಸರಿಯಾದ ಚಾರ್ಜರ್ ಇದ್ದರೆ ಸಾಕೇ?

ಸಾಲದು. ಚಾರ್ಜರ್‌ಗೆ ಕಾಣುವುದು ಒಟ್ಟು ವೋಲ್ಟೇಜ್ ಮಾತ್ರ. ಮೂರರಲ್ಲಿ ಒಂದು ಸೆಲ್ ಸವೆದಿದ್ದರೆ ಅದು ಬೇಗ ತುಂಬುತ್ತದೆ. 4.1, 4.1 ಮತ್ತು 4.4 ಕೂಡಿದರೂ 12.6ಏ. ಚಾರ್ಜರ್ ಎಲ್ಲ ಸರಿಯಿದೆ ಎಂದುಕೊಳ್ಳುತ್ತದೆ, ಆದರೆ ಒಂದು ಸೆಲ್ ಆಗಲೇ ಅಪಾಯದಲ್ಲಿರುತ್ತದೆ.

ಇದಕ್ಕಾಗಿಯೇ ಬಿಎಂಎಸ್ ಎಂಬ ಪುಟ್ಟ ಬೋರ್ಡು ಬೇಕು. ಅದು ಪ್ರತಿ ಸೆಲ್‌ನ ವೋಲ್ಟೇಜನ್ನು ಪ್ರತ್ಯೇಕವಾಗಿ ನೋಡಿ, ಯಾವುದೇ ಒಂದು ಗಡಿ ದಾಟಿದರೂ ಸಂಪರ್ಕ ಕಡಿಯುತ್ತದೆ. ಶಾರ್ಟ್ ಆದರೂ ಕಡಿಯುತ್ತದೆ. ಕೊಳ್ಳುವಾಗ 'ಬ್ಯಾಲೆನ್ಸ್' ಸೌಲಭ್ಯ ಇರುವುದನ್ನೇ ಕೇಳಿ. ಹಾಗೆಂದು ಬಿಎಂಎಸ್ ಇದೆಯಲ್ಲ ಎಂದು ತಪ್ಪು ಚಾರ್ಜರ್ ಹಾಕಬೇಡಿ. ಅದು ಕೊನೆಯ ಕಾವಲುಗಾರ, ಚಾರ್ಜರ್‌ಗೆ ಬದಲಿಯಲ್ಲ.

ಹಳೆ ಸೆಲ್‌ಗಳನ್ನು ಬಳಸಬಹುದೇ?

ಲ್ಯಾಪ್‌ಟಾಪ್ ಬ್ಯಾಟರಿ ಹಾಳಾಗಿದೆ ಎಂದರೆ ಕನಿಷ್ಠ ಒಂದು ಸೆಲ್ ಆದರೂ ಕೆಟ್ಟಿರುವ ಸಾಧ್ಯತೆ ಹೆಚ್ಚು. ಇಂಥವನ್ನು ಪಕ್ಕಕ್ಕಿಡಿ:

- ಮಲ್ಟಿಮೀಟರ್‌ನಲ್ಲಿ 2 ವೋಲ್ಟ್‌ಗಿಂತ ಕಡಿಮೆ ತೋರಿಸುವ ಸೆಲ್
- ತುಕ್ಕು, ಸೋರಿಕೆ, ತಗ್ಗು ಬಿದ್ದ ಗುರುತು ಇರುವ ಸೆಲ್
- ಚಾರ್ಜ್ ಮಾಡುವಾಗ ಬಿಸಿಯಾಗುವ ಸೆಲ್
- ಪೂರ್ತಿ ಚಾರ್ಜ್ ಮಾಡಿ ಒಂದು ವಾರ ಸುಮ್ಮನಿಟ್ಟರೂ ವೋಲ್ಟೇಜ್ ಗಣನೀಯವಾಗಿ ಇಳಿಯುವ ಸೆಲ್

ಉಳಿದವುಗಳಲ್ಲಿ ಒಂದೇ ಮಾದರಿಯ, ಒಂದೇ ಸಾಮರ್ಥ್ಯದ ಸೆಲ್‌ಗಳನ್ನು ಮಾತ್ರ ಸೇರಿಸಬೇಕು. ಜೋಡಿಸುವ ಮುನ್ನ ಎಲ್ಲವೂ ಒಂದೇ ವೋಲ್ಟೇಜ್‌ನಲ್ಲಿರಬೇಕು. ತುಂಬಿದ ಸೆಲ್‌ಗೆ ಖಾಲಿ ಸೆಲ್ ಸಮಾಂತರವಾಗಿ ತಾಗಿದರೆ ಒಂದರಿಂದ ಇನ್ನೊಂದಕ್ಕೆ ಕರೆಂಟ್ ನುಗ್ಗುತ್ತದೆ.

ಸೆಲ್‌ನ ಮೇಲೆ ನೇರವಾಗಿ ಸೋಲ್ಡರಿಂಗ್ ಐರನ್ ಒತ್ತುವುದೂ ತಪ್ಪು. ಆ ಬಿಸಿ ಒಳಗಿನ ತೆಳು ಪದರಗಳಿಗೆ ಹಾನಿ ಮಾಡುತ್ತದೆ. ನಿಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡಿಂಗ್ ಮಾಡಿಸಬೇಕು, ಇಲ್ಲವೇ ಸೆಲ್ ಹೋಲ್ಡರ್ ಬಳಸಬೇಕು. ಇನ್ನೊಂದು ಮಾತು: ಸೆಲ್‌ನ ಡಬ್ಬಿ ಪೂರ್ತಿ ನೆಗೆಟಿವ್, ಪಾಸಿಟಿವ್ ತುದಿಯ ಸುತ್ತಲಿನ ಅಂಚು ಕೂಡ! ನಡುವೆ ಇರುವುದು ತೆಳುವಾದ ಪ್ಲಾಸ್ಟಿಕ್ ಹೊದಿಕೆ ಅಷ್ಟೇ. ಅದು ಹರಿದ ಸೆಲ್‌ಗೆ ಹೊಸ ಹೊದಿಕೆ ಹಾಕದೆ ಮುಟ್ಟಬೇಡಿ.

ಬೆಂಕಿ ಹತ್ತಿದರೆ ನೀರು ಹಾಕಬಾರದೇ?

'ಲೀಥಿಯಂ ನೀರಿಗೆ ತಾಗಿದರೆ ಸ್ಫೋಟ' ಎಂಬುದು ಇನ್ನೊಂದು ಜನಪ್ರಿಯ ಫಾರ್ವರ್ಡ್. ಇದು ಲೀಥಿಯಂ ಲೋಹದ ವಿಷಯದಲ್ಲಿ ಸರಿ. ನಮ್ಮ ರೀಚಾರ್ಜ್ ಸೆಲ್‌ಗಳಲ್ಲಿ ಲೀಥಿಯಂ ಇರುವುದು ಮುಖ್ಯವಾಗಿ ಸಂಯುಕ್ತಗಳ ರೂಪದಲ್ಲಿ. ಹೆಚ್ಚು ನೀರು ಸುರಿದರೆ ಪ್ಯಾಕ್ ತಣ್ಣಗಾಗಿ, ಬೆಂಕಿ ಪಕ್ಕದ ಸೆಲ್‌ಗೆ ಹರಡುವುದು ತಪ್ಪುತ್ತದೆ. ಆದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಹೊಗೆ ವಿಷಕಾರಿ, ಉಸಿರಾಡಬೇಡಿ. ಬೆಂಕಿ ದೊಡ್ಡದಾಗಿದ್ದರೆ ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಎಳೆದುಕೊಂಡು, 101 ಅಥವಾ 112ಕ್ಕೆ ಕರೆ ಮಾಡಿ. ಆರಿದಂತೆ ಕಂಡ ಪ್ಯಾಕ್ ಮತ್ತೆ ಹೊತ್ತಿಕೊಳ್ಳಬಹುದು, ಒಳಗೆ ತರಬೇಡಿ.

ಬೇಡವಾದ ಸೆಲ್‌ಗಳ ತುದಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ, ಕಸದ ಬುಟ್ಟಿಗೆ ಬೇಡ. ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ.

ಒಟ್ಟಿನಲ್ಲಿ

ಮೊದಲ ಸಲ ಮಾಡುವವರು ಬಿಎಂಎಸ್ ಸಮೇತ ಸಿಗುವ ಸಿದ್ಧ ಪ್ಯಾಕನ್ನೂ ಅದಕ್ಕೆ ಹೊಂದುವ ಚಾರ್ಜರನ್ನೂ ಕೊಂಡು, ಸ್ಪೀಕರ್ ಡಬ್ಬಿ ಮತ್ತು ಆಂಪ್ಲಿಫೈಯರ್ ಮೇಲೆ ಕೈ ಪಳಗಿಸುವುದು ಒಳ್ಳೆಯದು. ಪ್ಯಾಕ್ ಯಾರೇ ಮಾಡಿರಲಿ, ರಾತ್ರಿ ಮಲಗುವಾಗ ಚಾರ್ಜ್‌ಗೆ ಹಾಕಬೇಡಿ, ಹಾಸಿಗೆ-ಸೋಫಾ ಮೇಲಿಟ್ಟು ಚಾರ್ಜ್ ಮಾಡಬೇಡಿ. ಆ ವಿಡಿಯೋವನ್ನು ಮನೆಯ ಮಕ್ಕಳಿಗೆ, ಕಾಲೇಜು ಗ್ರೂಪಿಗೆ ಕಳಿಸುವುದೇ ಆದರೆ ಜೊತೆಗೆ ಈ ಒಂದು ಸಾಲನ್ನೂ ಸೇರಿಸಿ: ಬಿಎಂಎಸ್ ಇಲ್ಲದೆ ಜೋಡಿಸಬೇಡಿ, ಲೀಥಿಯಂ ಚಾರ್ಜರ್ ಇಲ್ಲದೆ ಚಾರ್ಜ್ ಮಾಡಬೇಡಿ.